ಅರ್ಧ ಬೆಟ್ಟದ ತಿರುವು

ಅಪ್ಪನಿಗೆ,

ಮೂರು ತಿಂಗಳಿಂದ ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನೀವು ಕೊಟ್ಟ ಹಳೇ ಸ್ಪೋರ್ಟ್ಸ್ ಕಾರಿನಿಂದ ಗಾಳಿಯಲ್ಲೇ ತಣ್ಣಗಾಗೋ ಎಂಜಿನ್ ಇಳಿಸಿ, ನೀರಿನಿಂದ ತಣ್ಣಗಾಗೋ ಹೊಸ ಕಾಲದ ಎಂಜಿನ್ ಕೂರಿಸಿದ್ದು ನಿಮಗೆ ಸರಿಬಂದಿಲ್ಲ, ಗೊತ್ತು. "ನೀರು ಇರೋದು ಕಾರು ತೊಳೆಯೋಕೆ" ಅಂತ ನಲವತ್ತು ವರ್ಷ ಗ್ಯಾರೇಜಿನಲ್ಲಿ ಹೇಳಿಕೊಂಡು ಬಂದವರು ನೀವು.

ಆದರೂ ಹೇಳಲೇಬೇಕು. ಎಂಜಿನ್ ಇರೋದು ಹಿಂದೆ, ನೀರು ತಣಿಸೋ ರೇಡಿಯೇಟರ್ ಇರೋದು ಮುಂದೆ, ನಡುವೆ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಪೈಪು. ಬೆಸುಗೆಯೆಲ್ಲ ನನ್ನ ಕೈಯದೇ, ಒಂದು ಹನಿ ಸೋರಿಲ್ಲ. ಮೊದಲ ದಿನ ಮಾತ್ರ ಎಂಜಿನ್ ಐದೇ ನಿಮಿಷಕ್ಕೆ ಕಾದು ಕೆಂಡವಾಯಿತು. ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಮೊದಲು ಹೊರಗೆ ಬಿಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಗಾಳಿಯನ್ನೇ ನಂಬಿದ ಮನೆಯಲ್ಲಿ ಬೆಳೆದವಳಲ್ವಾ! ನಗೋದಾದರೆ ನಕ್ಕುಬಿಡಿ.

ನಿನ್ನೆ ಬೆಟ್ಟ ಹತ್ತಿಸಿದೆ. ಎಂಜಿನ್ ತಣ್ಣಗಾಗಲಿ ಅಂತ ನೀವು ಪ್ರತಿಸಲ ನಿಲ್ಲಿಸುತ್ತಿದ್ದ ತಿರುವಿದೆಯಲ್ಲ, ಅಮ್ಮ ಬಂಡೆ ಮೇಲೆ ಕೂತು ಫ್ಲಾಸ್ಕ್ ತೆಗೆಯುತ್ತಿದ್ದ ಜಾಗ, ಅಲ್ಲಿಗೆ ಬಂದಾಗಲೂ ಬಿಸಿ ತೋರಿಸೋ ಮುಳ್ಳು ನಟ್ಟನಡುವೆಯೇ ಇತ್ತು. ನಿಲ್ಲಿಸೋ ಅಗತ್ಯವೇ ಇರಲಿಲ್ಲ. ಆದರೂ ನನ್ನ ಕಾಲು ತಾನಾಗಿ ಬ್ರೇಕ್ ಒತ್ತಿತು. ಹತ್ತು ನಿಮಿಷ ಆ ಬಂಡೆ ಮೇಲೆ ಕೂತಿದ್ದೆ.

ಹಳೇ ಎಂಜಿನ್ ಮಾರಿಲ್ಲ. ಶೆಡ್ಡಿನ ಸ್ಟ್ಯಾಂಡ್ ಮೇಲಿದೆ, ಜಾಮ್ ಆಗದಿರಲಿ ಅಂತ ವಾರಕ್ಕೊಮ್ಮೆ ಎಣ್ಣೆ ಹಾಕಿ ಕೈಯಲ್ಲೇ ತಿರುಗಿಸುತ್ತೇನೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಬೈಯೋದಿದ್ದರೆ ಬೈಯುತ್ತಲೇ ಕಾರು ಹತ್ತಿ. ಅಮ್ಮನ ಫ್ಲಾಸ್ಕ್ ನಿಮ್ಮ ಕಪಾಟಿನಲ್ಲೇ ಇರಬೇಕು, ತೊಳೆದು ತನ್ನಿ. ಕಾರಿನ ಮುಂಭಾಗದಲ್ಲಿ ಸಾಮಾನಿಡೋ ಜಾಗವನ್ನು ರೇಡಿಯೇಟರ್ ತಿಂದುಹಾಕಿದೆ. ಫ್ಲಾಸ್ಕನ್ನು ತೊಡೆ ಮೇಲೆ ಇಟ್ಟುಕೊಳ್ಳಬೇಕಾಗುತ್ತೆ.

ನಿಮ್ಮ ಮಗಳು,
ನೀವು ತಯಾರು ಮಾಡಿದ ಮೆಕ್ಯಾನಿಕ್