ನಮ್ಮವ್ವನ ‘ಹೂಂ’

ಮೊಬೈಲ್ ಕಂಪನಿಯ ಮಾನ್ಯ ಮೇಲ್ಮನವಿ ಅಧಿಕಾರಿಗಳೇ,

ನಮ್ಮವ್ವ ಮುತ್ತವ್ವ ನಿಮ್ಮ ಯಾವ ಯೋಜನೆಗೂ ಒಪ್ಪಿರಲಿಲ್ಲ. ಆಕೆ ‘ಹೂಂ’ ಅಂದಿದ್ದಳು, ಅಷ್ಟೇ. ಆ ಒಂದು ಹೂಂಗೆ ನೀವು ಅರವತ್ತೊಂದು ಸಾವಿರದ ಎಂಟುನೂರ ನಲವತ್ತು ರೂಪಾಯಿಯ ಬಿಲ್ ಕಳಿಸಿದಿರಿ. ಮೇಲ್ಮನವಿ ಹಾಕಿಕೊಂಡರೆ, ‘ಗ್ರಾಹಕರ ಸ್ಪಷ್ಟ ಧ್ವನಿಸಮ್ಮತಿ ಲಭ್ಯವಿರುವುದರಿಂದ ದೂರನ್ನು ವಜಾಗೊಳಿಸಲಾಗಿದೆ’ ಎಂದು ಒಂದೂವರೆ ಸಾಲಿನ ಉತ್ತರ ಬರೆದಿರಿ. ಒಂದೂವರೆ ಸಾಲಿಗೆ ಇಷ್ಟುದ್ದದ ಪತ್ರವೇ ಎಂದು ಬೇಸರ ಪಡಬೇಡಿ. ಹೂಂ ಅನ್ನುತ್ತಾ ಓದಿ. ನಾನು ಅದಕ್ಕೆ ಬಿಲ್ ಹಾಕುವುದಿಲ್ಲ.

ನಾನು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ನಡೆಸುತ್ತೇನೆ. ಅವ್ವ ಬ್ಯಾಡಗಿಯಲ್ಲಿ ನಮ್ಮಣ್ಣನ ಮನೆಯಲ್ಲಿದ್ದಾಳೆ. ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು, ಈಗ ಅದೇ ಗೋದಾಮಿನಲ್ಲಿ ಹತ್ತು ಹೆಂಗಸರ ಮೇಲ್ವಿಚಾರಕಿ. ಅಂಗಡಿಯ ನಂಬರು, ಅವ್ವನ ನಂಬರು ಎರಡೂ ನನ್ನ ಹೆಸರಿನ ಒಂದೇ ಬಿಲ್ಲಿನಲ್ಲಿವೆ. ಹನ್ನೊಂದು ವರ್ಷದಲ್ಲಿ ಒಂದು ತಿಂಗಳೂ ಕಟ್ಟಲು ತಡ ಮಾಡಿದವಳಲ್ಲ. ಹೊಸ ವರ್ಷಕ್ಕೆ ನೀವು ‘ನಮ್ಮ ಕುಟುಂಬದ ಸದಸ್ಯರೇ’ ಎಂದು ಸಂದೇಶ ಕಳಿಸಿದಾಗ, ಈಗ ನೆನೆದರೆ ನಗು ಬರುತ್ತದೆ, ನಾನು ಖುಷಿಪಟ್ಟಿದ್ದೆ ಕೂಡ.

ಈಗ ಹೂಂ ಎಂದರೇನೆಂದು ಹೇಳುತ್ತೇನೆ, ನಿಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ. ಮೆಣಸಿನಕಾಯಿ ರಾಶಿಯ ಸುತ್ತ ಕೂತ ಹೆಂಗಸರ ಕಣ್ಣು, ಕೈ ಎರಡೂ ಕಾಯಿಯ ಮೇಲಿರುತ್ತವೆ. ಘಾಟಿಗೆ ಬಾಯಿ ಬಿಟ್ಟರೆ ಕೆಮ್ಮು. ಒಬ್ಬಳು ಕತೆ ಹೇಳಿದರೆ ಉಳಿದವರು ಹೂಂಗುಟ್ಟಬೇಕು. ಹೂಂ ಎಂದರೆ ‘ಕೇಳಾಕತ್ತೇನಿ, ಮುಂದ ಹೇಳು’ ಎಂದರ್ಥ. ಹೂಂಗುಟ್ಟದಿದ್ದರೆ ಹೇಳುವವಳಿಗೆ ಅವಮಾನ. ಕತೆಯಲ್ಲಿ ಅತ್ತೆ ಸೊಸೆಯನ್ನು ಬಾವಿಗೆ ನೂಕಿದರೂ ಹತ್ತೂ ಹೆಂಗಸರು ಹೂಂ ಅನ್ನುತ್ತಾರೆ. ಹಾಗಂತ ಕೊಲೆಗೆ ಸಮ್ಮತಿ ಕೊಟ್ಟರೆಂದು ಪೊಲೀಸರು ಗೋದಾಮಿಗೆ ಬಂದು ಎಲ್ಲರನ್ನೂ ಹಿಡಿದುಕೊಂಡು ಹೋಗುತ್ತಾರೆಯೇ?

ಈಚೆಗೆ ಬೆಳಗಿನ ಹೊತ್ತು ಕತೆಯ ಜಾಗದಲ್ಲಿ ಅವ್ವನ ಮೊಬೈಲು ಬಂದಿತ್ತು. ಅದನ್ನು ಚೀಲಕ್ಕೆ ಆನಿಸಿಟ್ಟು ಹಳ್ಳಿ ನಾಟಕಗಳ ವಿಡಿಯೊ ಹಚ್ಚುತ್ತಿದ್ದರು. ಮಧ್ಯಾಹ್ನಕ್ಕೆ ದಿನದ ಡೇಟಾ ತೀರಿ ಚಿತ್ರ ನಿಂತುಬಿಡುತ್ತಿತ್ತು. ಆಗ ಬಸವಣ್ಣೆವ್ವ ಎಂಬ ಹಳೆಯ ಕೆಲಸಗಾರ್ತಿ, “ಡಾಟಾ ಮುಗೀತು. ಮುತ್ತಕ್ಕಾ, ಇನ್ನ ನಿಂದು ಚಾಲೂ ಮಾಡು” ಅನ್ನುವಳು, ಅವ್ವ ಕತೆ ಶುರು ಮಾಡುವಳು. ಡೇಟಾ ತೀರಿದರೆ ನಿಲ್ಲುವುದು, ಹೆಚ್ಚಿಗೆ ದುಡ್ಡು ಬೀಳದಿರುವುದು, ಇದೇ ನಾನು ಸಹಿ ಹಾಕಿದ ಯೋಜನೆ. ಇದಕ್ಕೆ ಮಾತ್ರ ನಾನು ಒಪ್ಪಿದ್ದೆ.

ಹೀಗಿರುವಾಗ ನಿಮ್ಮ ಧ್ವನಿಮುದ್ರಿತ ಕರೆ ಅವ್ವನಿಗೆ ಬಂತು. ಮಿತಿ ತೆರವು ಮಾಡುತ್ತೇವೆ, ತಡೆಯಿಲ್ಲದೆ ಅಂತರ್ಜಾಲ ಆನಂದಿಸಿ, ಸಮ್ಮತಿಯಿದ್ದರೆ ‘ಹೌದು’ ಅಥವಾ ‘ಹೂಂ’ ಎನ್ನಿ ಎಂಬ ಕರೆ. ಅದು ಯಂತ್ರವೆಂದು ಅವ್ವನಿಗೆ ತಿಳಿಯಲೇ ಇಲ್ಲ. ಆಮೇಲೆ ನನಗೆ ಹೇಳಿದಳು:

“ಭಾಳ ಚಲೋ ಹುಡುಗಿ ಇದ್ಲವಾ. ಏನ ನಯ, ಏನ ನಾಜೂಕು! ನಾ ಹೂಂ ಹೂಂ ಅನಕೋತ ಕೇಳಿದೆ. ಊಟ ಆತೇನವಾ ಅಂದೆ. ಪಾಪ, ಕೆಲಸದಾಗ ಇದ್ಲು ಅನಸ್ತದ, ಏನೂ ಅನಲಿಲ್ಲ.”

ಅಧಿಕಾರಿಗಳೇ, ನಿಮ್ಮ ಯಂತ್ರಕ್ಕೆ ಊಟವಾಯಿತೇ ಎಂದು ಕೇಳಿದ ಗ್ರಾಹಕರು ನಿಮಗೆ ಎಷ್ಟು ಮಂದಿ ಸಿಕ್ಕಿದ್ದಾರೆ?

ಮರುದಿನದಿಂದ ಡೇಟಾ ತೀರಲೇ ಇಲ್ಲ. ನಾಟಕ ಸಂಜೆಯ ತನಕ ನಡೆಯಿತು. “ಕಂಪನಿಯವ್ರು ಬಾಯಾರೆ ಕೇಳಿ ಕೊಟ್ಟಾರ ನೋಡು. ಆ ಹುಡುಗಿ ಹೊಟ್ಟಿ ತಣ್ಣಗಿರಲಿ” ಎಂದು ಅವ್ವ ಇಡೀ ಗೋದಾಮಿನ ಎದುರು ಹರಸಿದಳು. ಇಪ್ಪತ್ತೆರಡು ದಿನ ಆ ಹರಕೆ ನಿಮ್ಮ ಮೇಲಿತ್ತು, ಆಕೆಯ ಮೇಲೆ ನಿಮ್ಮ ಮೀಟರು ಓಡುತ್ತಿತ್ತು. ನೀವು ಎಚ್ಚರಿಸಲಿಲ್ಲ ಎಂದರೆ ನನ್ನ ನಾಲಿಗೆಗೆ ಪಾಪ ಬಂದೀತು. ಎಚ್ಚರಿಸಿದ್ದೀರಿ, ಹನ್ನೊಂದು ಸಂದೇಶ, ಎಲ್ಲವೂ ಅವ್ವನ ನಂಬರಿಗೆ, ಎಲ್ಲವೂ ಇಂಗ್ಲಿಷಿನಲ್ಲಿ. ಒಪ್ಪಿಗೆ ಕೇಳುವಾಗ ಬೆಣ್ಣೆಯಂಥ ಕನ್ನಡ ಬರುವ ಕಂಪನಿಗೆ ‘ದುಡ್ಡು ಏರುತ್ತಿದೆ’ ಎನ್ನುವಾಗ ಮಾತ್ರ ಕನ್ನಡ ಮರೆತುಹೋಗುವುದೇಕೆ?

ಬಿಲ್ ಬಂದ ದಿನ ನಾನು ನಿಮ್ಮನ್ನು ಬೈಯಲಿಲ್ಲ. ಬ್ಯಾಡಗಿಗೆ ಹೋಗಿ ಅವ್ವನನ್ನು ಬೈದೆ. ಹತ್ತು ಹೆಂಗಸರ ಎದುರು, “ಯಾರ ಫೋನ್ ಹಚ್ಚಿದ್ರೂ ಹೂಂ ಅಂತೀಯಲ್ಲ, ಬುದ್ಧಿ ಐತೇನು ನಿನಗ?” ಎಂದೆ. ಅವ್ವ ಕೈಯಲ್ಲಿದ್ದ ಕಾಯಿಯನ್ನು ತೊಟ್ಟು ಬಿಡಿಸದೆ ರಾಶಿಗೆ ಹಾಕಿದಳು. ಈ ಮಾತನ್ನು ಪತ್ರದಲ್ಲಿ ಬರೆದುಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮರುದಿನ ಇಬ್ಬರೂ ಹಾವೇರಿಯ ನಿಮ್ಮ ಮಳಿಗೆಗೆ ಹೋದೆವು. ಕೌಂಟರಿನಲ್ಲಿದ್ದ ಶಶಿಕಾಂತ ಎಂಬಾತ ಒಳ್ಳೆಯವನೇ, ಕುರ್ಚಿ ಕೊಟ್ಟ. ಕಂಪ್ಯೂಟರಿನಲ್ಲಿ ಹುಡುಕಿ ಸಾಕ್ಷ್ಯ ಕೇಳಿಸಿದ. ಆರು ಸೆಕೆಂಡು. ‘ಸಮ್ಮತಿಯಿದ್ದರೆ…’ ಎಂಬ ಆ ನಾಜೂಕು ದನಿ, ಮೇಲೊಂದು ಹೂಂ. ಮುಂಚಿನ ಹೂಂಗಳಿರಲಿಲ್ಲ, ಊಟದ ಮಾತೂ ಇರಲಿಲ್ಲ, ಕತ್ತರಿ ಆಡಿತ್ತು.

“ಧ್ವನಿ ನಿಮ್ದ ಹೌದಲ್ರಿ ಅಜ್ಜಿ?” ಎಂದು ಆತ ಕೇಳಿದ.

“ಧ್ವನಿ ನಂದ ಐತಪ್ಪಾ. ಆದ್ರ ನಾ ಒಪ್ಪಿಲ್ಲ. ಬೇಕಾದ್ರ ಕದರಮಂಡಲಗಿ ಹಣಮಪ್ಪನ ಗುಡ್ಯಾಗ ನಿಂತು ಹೇಳ್ತೇನಿ.”

“ಹಂಗಲ್ರಿ ಅಜ್ಜಿ, ಸಿಸ್ಟಮ್ ಅದನ್ನ ಒಪ್ಪಿಗಿ ಅಂತ ತೊಗೊಂಡೈತಿ.”

ಹಾಗಾದರೆ ಹೊಣೆ ಯಾರು ಎಂದು ನಾನು ಕೇಳಿದೆ. “ಸಿಸ್ಟಮ್ ರೀ ಮೇಡಂ” ಎಂದ. ಈ ಸಿಸ್ಟಮ್ ಎಂಬವರು ಯಾವ ಊರಿನವರು, ಯಾರ ಪೈಕಿ, ಎಲ್ಲಿ ಸಿಗುತ್ತಾರೆ ಎಂಬುದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮವ್ವ ಮಾತನ್ನೂ ಆಡಿರಲಿಲ್ಲ. ಬಸ್ಸಿನಲ್ಲಿ ಬ್ಯಾಡಗಿಯ ತನಕ ಆಕೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ನನ್ನ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಗುತ್ತಲ ಕಡೆಯ ರೈತರೊಬ್ಬರು ಬಂದು ಕೂತರೆ ಗೋವಿನಜೋಳದ ನಾಲ್ಕು ತಳಿಯ ಪುರಾಣವನ್ನು ಅರ್ಧ ತಾಸು ಹೂಂ, ಹೂಂ ಎಂದು ಕೇಳುತ್ತಾರೆ. ಕಡೆಗೆ “ನೋಡೂಣ್ರಿ ಅಕ್ಕಾರ” ಎಂದು ಎದ್ದು ಹೋಗುತ್ತಾರೆ. ಆ ಹೂಂಗಳಿಗೆಲ್ಲ ನಾನು ಬಿಲ್ ಹರಿದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಕಂಪನಿಯನ್ನೇ ಕೊಂಡು, ನಿಮ್ಮ ಮೇಲ್ಮನವಿಯನ್ನು ನಾನು ವಿಚಾರಿಸುತ್ತಿದ್ದೆ. ಕನ್ಯೆ ನೋಡಲು ಬಂದವರ ಮಾತಿಗೂ ಹೆಣ್ಣಿನ ತಂದೆ ಹೂಂ ಅನ್ನುತ್ತಾನೆ. ಎಲೆ ಅಡಿಕೆ ಬದಲಾಗುವ ತನಕ ಯಾರೂ ಹಂದರ ಹಾಕಿಸುವುದಿಲ್ಲ. ಈ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಗೊತ್ತಿಲ್ಲದೆ ‘ಹೂಂ ಎನ್ನಿ’ ಎಂದು ಬರೆಸಿದಿರೋ, ಚೆನ್ನಾಗಿ ಗೊತ್ತಿದ್ದೇ ಬರೆಸಿದಿರೋ? ಎರಡನೆಯದೇ ಇರಬೇಕೆಂದು ನನ್ನ ಅನುಮಾನ. ಅದಕ್ಕೇ ಇದನ್ನು ನಂಬಿಸಿ ಕುತ್ತಿಗೆ ಕೊಯ್ಯುವುದು ಅನ್ನುತ್ತೇನೆ.

ಇನ್ನೊಂದು ಹೂಂ ಬಾಕಿಯಿದೆ, ಅದು ನನ್ನದು. ಹಾವೇರಿಯಲ್ಲಿ ದೂರು ಬರೆಸಿ ಬಂದ ಐದನೆಯ ದಿನ, ನಾನು ಹೆಗಲಿಗೂ ಕಿವಿಗೂ ನಡುವೆ ಮೊಬೈಲು ಸಿಗಿಸಿಕೊಂಡು ಬೀಜದ ಪೊಟ್ಟಣ ಎಣಿಸುತ್ತಿದ್ದೆ. ‘ನಿಮ್ಮ ದೂರು ನಮಗೆ ಮುಖ್ಯ’ ಎಂದು ಅದೇ ಹುಡುಗಿ ಶುರು ಮಾಡಿದಳು. ‘ನಿಮ್ಮ ದೂರು ಬಗೆಹರಿದಿದೆಯೇ?’ ಎಂದಳು. ಮುಂದೆ ಹೇಳು ಎಂಬರ್ಥದಲ್ಲಿ ನನ್ನ ಗಂಟಲಿನಿಂದ ಅದು ಹೊರಟೇಹೋಯಿತು. ಕ್ಷಣದಲ್ಲಿ ಸಂದೇಶ: ‘ಗ್ರಾಹಕರು ತೃಪ್ತರಾಗಿದ್ದಾರೆ. ದೂರು ಮುಕ್ತಾಯ.’ ಎಂ.ಎ. ಓದಿದ ನನಗೆ ಈ ಗತಿಯಾದ ಮೇಲೆ ಅವ್ವನಿಗೆ ಬುದ್ಧಿ ಐತೇನು ಎಂದು ಕೇಳಿದ ನನ್ನ ಬಾಯಿಗೆ ಏನು ಹಾಕಬೇಕು? ಬ್ಯಾಡಗಿಗೆ ಹೋಗಿ ತಪ್ಪಾಯಿತೆಂದೆ. ಅವ್ವ ನಗಲಿಲ್ಲ. “ನಿನಗೂ ಹಿಡದ್ರು?” ಎಂದಳು. ಆಮೇಲೆ ನಿಮಗೆ ಮೇಲ್ಮನವಿ, ನಿಮ್ಮಿಂದ ಒಂದೂವರೆ ಸಾಲು.

ದುಡ್ಡು ಕಟ್ಟಿದ್ದೇನೆ. ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ನಂಬರು ಬಂದಾದರೆ ರೈತರು ಯಾರಿಗೆ ಫೋನು ಹಚ್ಚಬೇಕು? ಅದಕ್ಕೆ ಕಟ್ಟಿದೆ. ಆದರೆ ಹೋದದ್ದು ಅಷ್ಟೇ ಅಲ್ಲ. ಮೊನ್ನೆ ಅವ್ವನಿಗೆ ಫೋನು ಮಾಡಿ ಮನೆಯ ಸುದ್ದಿ ಹೇಳುತ್ತಿದ್ದೆ. ಆ ಕಡೆ ಸದ್ದೇ ಇಲ್ಲ.

“ಅವ್ವಾ, ಲೈನಿನ್ಯಾಗ ಅದೀ ಏನ?”

“ಅದೇನಿ, ಹೇಳ.”

“ಮತ್ತ ಹೂಂ ಅನ್ನವಲ್ಲಿ?”

“ಬ್ಯಾಡವಾ. ಅವ್ರು ಬರಕೋತಾರ.”

ಗೋದಾಮಿನಲ್ಲೂ ಹಾಗೆಯೇ ಅಂತೆ. ಬಸವಣ್ಣೆವ್ವ ಕತೆ ಹೇಳಿದರೆ ಅವ್ವ ಬರೀ ತಲೆಯಾಡಿಸುತ್ತಾಳೆ. ಕಣ್ಣು ಕಾಯಿಯ ಮೇಲಿರುವ ಬಸವಣ್ಣೆವ್ವನಿಗೆ ಅದು ಕಾಣುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ದುಡ್ಡು ವಾಪಸು ಕೊಡಿ, ಅದು ನಮ್ಮದು. ಆ ಕರೆಯನ್ನು ಕತ್ತರಿ ಹಾಕದೆ ಪೂರ್ತಿ ಕೇಳಿ, ಊಟವಾಯಿತೇ ಎಂಬ ಮಾತಿನ ಸಮೇತ. ಕೇಳಿದ ಮೇಲೆ, ಮುತ್ತವ್ವ ಒಪ್ಪಿರಲಿಲ್ಲ, ತಪ್ಪು ನಮ್ಮದು ಎಂದು ಕನ್ನಡದಲ್ಲಿ ಒಂದು ಪತ್ರ ಬರೆದು ಸಹಿ ಹಾಕಿ ಕಳಿಸಿ. ಒಂದೂವರೆ ಸಾಲಾದರೂ ಸಾಕು. ಅದನ್ನು ನಾನೇ ಗೋದಾಮಿಗೆ ಒಯ್ದು, ಬೈದ ಜಾಗದಲ್ಲೇ ನಿಂತು, ಹತ್ತೂ ಹೆಂಗಸರ ಎದುರು ಓದುತ್ತೇನೆ. ಕೇಳಿ ನಮ್ಮವ್ವ ಹೂಂ ಅಂದರೆ, ಅದನ್ನು ಬೇಕಾದರೆ ಒಪ್ಪಿಗೆ ಎಂದು ಬರೆದುಕೊಳ್ಳಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ತೃಪ್ತಳಾಗಿರುವ
ನಿರ್ಮಲಾ
ಬೀಜದ ಅಂಗಡಿಯಾಕೆ, ರಾಣೆಬೆನ್ನೂರು