ನಲವತ್ತೈದರ ಮಗ್ಗುಲು ಮೂವತ್ಮೂರರಲ್ಲಿ

ಶಿಕಾಗೊ, ದಕ್ಷಿಣದ ಕಡೆ
೧೦ ಅಕ್ಟೋಬರ್ ೧೯೮೮, ಸೋಮವಾರ

ವರ್ನೀಟಾ ಅಕ್ಕಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಕಾಗದ ಮುಗಿಯುವ ಹೊತ್ತಿಗೆ ಆ ಮಾತು ತಾನಾಗಿ ಬಂದರೆ ಬರಲಿ. ಹೇಗಿದ್ದೀಯಾ? ಹಾಡುವ ಗಂಟಲು ಹೇಗಿದೆ? ಲಂಡನ್ನಿನಲ್ಲಿ ಸದಾ ಥಂಡಿಯಂತೆ ಎಂದು ಅಮ್ಮ ಚರ್ಚಿನಲ್ಲಿ ಯಾರಿಂದಲೋ ಕೇಳಿಕೊಂಡು ಬಂದಿದ್ದಾಳೆ. ನೀನು ಕುತ್ತಿಗೆಗೆ ಏನೂ ಸುತ್ತಿಕೊಳ್ಳದೆ ಓಡಾಡುತ್ತೀಯ ಎಂದು ಇಲ್ಲಿ ಕೂತು ಬೈಯುತ್ತಾಳೆ. ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿಯಬೇಕಂತೆ. ಹೇಳು ಅಂದಳು, ಹೇಳಿದ್ದೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಆದರೆ ಚೆನ್ನಾಗಿಲ್ಲ. ಸುಸ್ತಾಗಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಡ್ರೈಕ್ಲೀನರ್ ಅಂಗಡಿಯಲ್ಲಿ ಕಂಡವರ ಅಂಗಿಗಳಿಗೆಲ್ಲ ಇಸ್ತ್ರಿ ಹಾಕುತ್ತೇನೆ, ಹಬೆ ಹೊಡೆದು ಹೊಡೆದು ಮೊಣಕೈವರೆಗೆ ಚರ್ಮ ಸುಲಿದಿದೆ. ಮನೆಗೆ ಬಂದು ಅಪ್ಪನ ಬಲಗೈ, ಬಲಗಾಲು ತಿಕ್ಕುತ್ತೇನೆ. ನಾನು ಶಾಲೆ ಬಿಡಲು ಹೊರಟಾಗ “ಒಂದು ವರ್ಷ ತಡ್ಕೊಳೇ ಜೆರಿ, ಓದು ಮುಗ್ಸು” ಎಂದಿದ್ದೆಯಲ್ಲ. ಹಾಗೆ ಹೇಳಿ ನೀನು ವಿಮಾನ ಹತ್ತಿದೆ. ಆಮೇಲೆ ನನ್ನನ್ನು ತಡೆಯಲು ಮನೆಯಲ್ಲಿ ಯಾರಿದ್ದರು?

ಅಪ್ಪನ ವಿಷಯ. ಫೆಬ್ರವರಿಯಲ್ಲಿ ಪಾರ್ಶ್ವವಾಯು ಹೊಡೆದದ್ದು ನಿನಗೆ ಗೊತ್ತು. ನೀನು ಸೇತುವೆಯ ಚಿತ್ರ ಇರುವ ಒಂದು ಕಾರ್ಡು ಕಳಿಸಿದ್ದೆ, ‘ಬೇಗ ಗುಣವಾಗಲಿ’ ಎಂದು. ಕಾರ್ಡು ಫ್ರಿಜ್ಜಿನ ಮೇಲಿದೆ. ಗುಣ ಅರ್ಧಕ್ಕೆ ನಿಂತಿದೆ. ಮಾತು ಮರಳಿತು, ಕೈ ಸ್ವಲ್ಪ ಮರಳಿತು, ಬಲಗಾಲು ಮಾತ್ರ ಎಳೆಯುತ್ತದೆ. ಕುಣಿತದ ಹಾಲ್‌ಗೆ ಹೋಗುವುದನ್ನು ಬಿಟ್ಟೇಬಿಟ್ಟಿದ್ದ. ಇಪ್ಪತ್ತು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಅಮ್ಮನ ಕೈ ಹಿಡಿದು ಜೋಡಿ ಕುಣಿತದ ಸ್ಟೆಪ್ಪಿಂಗ್‌ಗೆ ಮೊದಲ ಹೆಜ್ಜೆ ಇಡುತ್ತಿದ್ದವನು ಅವನೇ, ಅವನ ಕಾಲು ನೆಲಕ್ಕೆ ತಾಗದೆ ಉಳಿದವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಈಗ ಆ ಎರಡು ಬಣ್ಣದ ಬೂಟುಗಳು ಹಳೆಯ ದಿಂಬಿನ ಚೀಲದಲ್ಲಿ ಮಂಚದ ಕೆಳಗೆ. ಅಮ್ಮ ತಿಂಗಳಿಗೊಮ್ಮೆ ತೆಗೆದು ಪಾಲಿಶ್ ಹಾಕಿ ಮತ್ತೆ ಒಳಗಿಡುತ್ತಾಳೆ. ಅದನ್ನು ನೋಡಿದರೆ ನನಗೆ ಏನನ್ನಾದರೂ ಒಡೆಯಬೇಕು ಅನ್ನಿಸುತ್ತದೆ.

ಹೋದ ತಿಂಗಳು ಹೋಸಿಯಾ ಮಾಮ ಮನೆಗೆ ಬಂದಿದ್ದ. ಹಾಲ್‌ನಲ್ಲಿ ಮೊದಲಿನಿಂದಲೂ ರೆಕಾರ್ಡ್ ಹಾಕುವವನು ಅವನೇ ಅಲ್ಲವಾ, ಈಗ ಕಣ್ಣಿಗೆ ಪೊರೆ ಬಂದು ರೆಕಾರ್ಡಿನ ಹೆಸರು ಓದಲು ಆಗುವುದಿಲ್ಲ. “ಲೂಥರ್, ನಿನ್ ಚಿಕ್ ಮಗಳು ಒಂದು ಭಾನುವಾರ ನನ್ ಜಾಗ್ದಲ್ಲಿ ರೆಕಾರ್ಡ್ ಹಾಕೋಕೆ ಕೂತ್ಕೊಳ್ಲಿ. ಮೊದ್ಲು ನಮ್ಮ ಹಳೇ ಸೋಲ್ ಹಾಡು, ಕೊನೇ ಒಂದು ಗಂಟೆ ಹುಡುಗ್ರಿಗೆ ಆ ಡ್ರಮ್ ಬಡಿಯೋ ಹೌಸ್ ಸಂಗೀತ. ಹುಡುಗ್ರು ಬರದಿದ್ರೆ ಹಾಲ್ ಮುಚ್ತಾರೆ ಕಣಯ್ಯಾ, ಆಮೇಲೆ ನಾವು ನಮ್ಮನಮ್ಮ ಅಡುಗೆಮನೇಲಿ ಕುಣೀಬೇಕು” ಎಂದ. ಅಪ್ಪ ಬಲಗಾಲನ್ನು ಕೈಯಿಂದ ಎತ್ತಿ ನೇರ ಮಾಡಿಕೊಂಡ. ಆಮೇಲೆ, “ಅವಳು ಹಾಕ್ತಾಳೆ ಅಂದ್ರೆ ಬಂದು ಕೂತ್ಕೋತೀನಿ. ಕುಣಿಯೋಕಲ್ಲ, ಕೂತ್ಕೊಳೋಕೆ. ಆ ಇನ್ನೊಬ್ಬಳ ರೆಕಾರ್ಡ್ ಮಾತ್ರ ಹಾಕಬಾರ್ದು” ಎಂದ. ಆ ಇನ್ನೊಬ್ಬಳು ನೀನು.

ಆ ಜಗಳ ನಿನಗೆ ನೆನಪಿದೆ, ಆದರೂ ಬರೆಯುತ್ತೇನೆ. ಅಲ್ಲಿ ಜನರಿಗೆ ನೀನು ಅದನ್ನು ಬೇರೆ ಥರ ಹೇಳಿಕೊಂಡಿರಬಹುದು. ನಿನ್ನ ರೆಕಾರ್ಡ್ ಅಚ್ಚಾಗಿ ಬಂದ ದಿನ ನೀನು ಎರಡೂ ಮಗ್ಗುಲು ಹಾಕಿದೆ. ಮೊದಲನೆಯದು ಪೂರ್ತಿ ಹಾಡು, ನಿಧಾನ, ಪಿಟೀಲು, ಪಿಯಾನೊ, “ಬಾಗಿಲು ಹಾಕಬೇಡಿ, ನಾನಿನ್ನೂ ಒಳಗೆ ಬಂದಿಲ್ಲ” ಎನ್ನುವ ಸಾಲು. ಅಪ್ಪ ನಿಂತಲ್ಲೇ ಭುಜ ಆಡಿಸಿದ. ಆಮೇಲೆ ಹಿಂದಿನ ಮಗ್ಗುಲಲ್ಲಿ ನಿನ್ನ ಸ್ಟುಡಿಯೊದ ಎಲ್ರಾಯ್ ಮಾಡಿದ ಡಬ್ ಮಿಕ್ಸ್. ಬರೀ ಡ್ರಮ್ಮು, ಬೇಸು. ನಿನ್ನ ದನಿಯೆಲ್ಲ ಕಿತ್ತುಹಾಕಿ ಒಂದು ಉಸಿರು, ಒಂದು “ನಾನಿನ್ನೂ…” ಮಾತ್ರ ಬಿಟ್ಟಿದ್ದ. ಅಪ್ಪ, “ಪೂರ್ತಿ ಹಾಡು ಹಾಡಿದ್ದು ನೀನು. ಆ ಮಹಾರಾಯ ಅದನ್ನೆಲ್ಲ ಗುಡಿಸಿ ಬಿಸಾಕಿ ಒಂದು ನೆಗಡಿ ಸೀನು ಉಳ್ಸಿದಾನೆ. ಅದಕ್ಕೆ ನೀನು ಹಲ್ಲು ಕಿರೀತಿದ್ದೀಯಾ!” ಎಂದ. ನೀನು, “ನಿಮ್ಮ ಹಾಲ್‌ನ ಮುದುಕ್ರು ನನ್ನನ್ನ ಎಪ್ಪತ್ತೊಂಬತ್ತನೇ ಬೀದಿ ದಾಟಿಸಲ್ಲ ಅಪ್ಪಾ. ಆ ಸೀನು ದಾಟ್ಸುತ್ತೆ” ಎಂದೆ. ದಾಟಿಸಿತು, ಲಂಡನ್ನಿನವರೆಗೆ. ಹೋಗುವಾಗ ನೀನು ಎರಡು ಪ್ರತಿ ಮೇಜಿನ ಮೇಲಿಟ್ಟು, “ಒಂದು ಅಪ್ಪನಿಗೆ, ಒಂದು ನಿನಗೆ” ಎಂದೆ. ಅಪ್ಪ ತನ್ನದನ್ನು ಮುಟ್ಟಲಿಲ್ಲ. ಎರಡನ್ನೂ ನಾನೇ ಇಟ್ಟುಕೊಂಡೆ.

ಹೌಸ್ ಹಾಕುವ ಹುಡುಗರ ಬುದ್ಧಿ ನಿನಗೆ ಗೊತ್ತು. ಪ್ಲೇಯರ್ ಮೇಲೆ ಬಗ್ಗಿ ಹೆಸರು ಓದಿಕೊಂಡು ಹೋಗಿ, ಮುಂದಿನ ವಾರ ತಾವೇ ಹುಡುಕಿದ ಹಾಗೆ ಅದನ್ನೇ ಹಾಕುತ್ತಾರೆ. ಅದಕ್ಕೆ ನನ್ನ ಹಾಗೆ ರಾತ್ರಿ ಪಾರ್ಟಿಗಳಲ್ಲಿ ರೆಕಾರ್ಡ್ ಹಾಕುವ ನಾವೆಲ್ಲ ಹೆಸರಿನ ಮೇಲೆ ಕಪ್ಪು ಕಾಗದ ಅಂಟಿಸುತ್ತೇವೆ. ನಿನ್ನ ರೆಕಾರ್ಡ್ ಊರಿಗೇ ಗೊತ್ತು, ಅದನ್ನು ಮುಚ್ಚುವ ಅಗತ್ಯವೇ ಇರಲಿಲ್ಲ. ಆದರೂ ಎರಡು ಪ್ರತಿಗೂ ಎರಡೂ ಕಡೆ ಅಂಟಿಸಿದೆ. ಪೆಟ್ಟಿಗೆ ತೆರೆದಾಗಲೆಲ್ಲ ನಿನ್ನ ಹೆಸರು ಕಣ್ಣಿಗೆ ಬೀಳಬಾರದು, ಅಷ್ಟಕ್ಕೆ. ಹಾಡಿನ ಮಗ್ಗುಲು ಯಾವುದೆಂದು ಗೊತ್ತಾಗಲಿ ಎಂದು ಆ ಕಡೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ.

ಶನಿವಾರ ಅಮ್ಮ ಇಸ್ತ್ರಿ ಮಾಡುತ್ತ, ತಲೆ ಎತ್ತದೆ, “ನಿಮ್ಮಪ್ಪ ಹೇಳ್ಲಿ ಬಿಡು. ನಾಳೆ ಅವಳ ಹಾಡು ಹಾಕು. ಪೂರ್ತಿ ಇರೋದು. ನನ್ ಮಗಳ ದನಿ ಹತ್ತು ಜನರ ಮಧ್ಯೆ ನಿಂತು ಕೇಳ್ಬೇಕು ನಾನು” ಎಂದಳು. ಅಮ್ಮ ಏನನ್ನೂ ಕೇಳುವವಳಲ್ಲ. ಇಲ್ಲ ಎನ್ನಲು ಆಗಲಿಲ್ಲ. ಹೂಂ ಎಂದರೆ, ಎಂಟು ತಿಂಗಳ ಮೇಲೆ ಮನೆ ಬಿಟ್ಟು ಬರುತ್ತಿರುವ ಅಪ್ಪ ಅರ್ಧಕ್ಕೇ ಎದ್ದುಹೋಗುತ್ತಾನೆ, ಇನ್ನು ಆ ಬೂಟು ಚೀಲದಿಂದ ಹೊರಬರುವುದೇ ಇಲ್ಲ. ರಾತ್ರಿಯಿಡೀ ಅದೇ ಯೋಚನೆ. ಕೊನೆಗೆ ಅಪ್ಪ ಪಕ್ಕದ ಕೋಣೆಗೆ ಊಟಕ್ಕೆ ಹೋದಾಗ ಹಾಡಿನ ಮಗ್ಗುಲು ಹಾಕುವುದು, ಅವನು ಬರುವಷ್ಟರಲ್ಲಿ ತೆಗೆಯುವುದು ಎಂದುಕೊಂಡೆ. ಡಬ್ ಮಗ್ಗುಲು ಕೊನೆಯಲ್ಲಿ ಹುಡುಗರಿಗೂ ಬೇಡ ಎಂದು ತೀರ್ಮಾನಿಸಿದೆ. ಆ ಸೀನು ಅಪ್ಪನ ಕಿವಿಗೆ ಬಿದ್ದರೆ ಮುಗಿಯಿತು.

ನಿನ್ನೆ ಹಾಲ್ ತುಂಬಿತ್ತು. ಅಪ್ಪನನ್ನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆವು. ಬೂಟು ಹಾಕಿಕೊಂಡಿದ್ದ, ಅಮ್ಮ ಬಲವಂತ ಮಾಡಿದ್ದಳು. ಮುದುಕರೆಲ್ಲ ಬಂದು ಕೈ ಕುಲುಕಿದರು. ನನ್ನನ್ನು ಮಾತ್ರ, “ಏನಮ್ಮಾ, ಇವತ್ತು ನಮ್ಮ ಸೊಂಟ ಮುರೀತೀಯೋ ಹೇಗೆ?” “ಹೆಣ್ಮಗು ಕೂತಿದೆ, ಪ್ಲೇಯರ್‌ಗೆ ಲೇಸ್ ಹೊದ್ಸಿದ್ದೀಯೇನೇ?” ಎಂದು ಚುಚ್ಚಿದರು. ಬಾಗಿಲ ಹತ್ತಿರ ಹೌಸ್ ಹುಡುಗರ ಗುಂಪು, ಯಾವಾಗ ನಮ್ಮ ಸರದಿ ಎಂದು ಕಾಲು ಕುಟ್ಟುತ್ತ ನಿಂತಿತ್ತು. ನಾನು ಒಂದಾದ ಮೇಲೊಂದು ಹಳೆಯ ಹಾಡು ಹಾಕಿದೆ. ಜೋಡಿಗಳು ಎದ್ದವು, ಆದರೆ ಪ್ರತಿ ಹಾಡಿಗೂ ಮೊದಲು ಎಲ್ಲರೂ ಒಮ್ಮೆ ಅಪ್ಪನ ಕಾಲಿನ ಕಡೆ ನೋಡಿ, ಆಮೇಲೆ ಕಣ್ಣು ತಿರುಗಿಸಿ ಶುರುಮಾಡುತ್ತಿದ್ದರು. ಅಪ್ಪ ತನ್ನ ಊರುಗೋಲನ್ನೇ ನೋಡುತ್ತಿದ್ದ.

ಹುರಿದ ಮೀನಿನ ವಾಸನೆ ಬಂತು. ಮಾಮ ಅಪ್ಪನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದ. ಅಮ್ಮ ನಡುಹಾಲ್‌ಗೆ ಬಂದು, ಕೈಚೀಲ ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತ ನಿಂತಳು. ನಾನು ನಿನ್ನ ರೆಕಾರ್ಡ್ ತೆಗೆದೆ. ಸೀಮೆಸುಣ್ಣದ ಗೆರೆ ಇಲ್ಲ! ಎರಡನೆಯ ಪ್ರತಿ ತೆಗೆದೆ. ಅದರಲ್ಲೂ ಇಲ್ಲ. ನಮ್ಮಮ್ಮ ಬೆಳಿಗ್ಗೆ ಮಗಳ ರೆಕಾರ್ಡ್ ಎಂದು ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮುತ್ತಿಟ್ಟು ಮತ್ತೆ ಕವರಿಗೆ ಹಾಕಿದ್ದಳಂತೆ. ಕಿವಿಗೆ ಹಾಕಿ ಮೊದಲೇ ಕೇಳೋಣವೆಂದರೆ ಆ ಹಾಲ್‌ನ ಹೆಡ್‌ಫೋನ್ ಸತ್ತು ಯಾವ ಕಾಲವಾಯಿತೋ. ಅಪ್ಪ ಎಷ್ಟು ಹೊತ್ತು ತಿಂದಾನು? ಬೆಳಕಿಗೆ ಹಿಡಿದು ಗೆರೆ ನೋಡುವ ತಾಳ್ಮೆ ಇರಲಿಲ್ಲ. ಕೈಗೆ ಬಂದ ಮಗ್ಗುಲು ಮೇಲೆ ಮಾಡಿ ಮುಳ್ಳು ಇಟ್ಟೆ.

ಹಾಡಿನ ಮಗ್ಗುಲು ತಿರುಗುವುದು ನಿಮಿಷಕ್ಕೆ ಮೂವತ್ಮೂರು ಸುತ್ತಿನಲ್ಲಿ, ಡಬ್ ಮಗ್ಗುಲು ನಲವತ್ತೈದರಲ್ಲಿ. ಪ್ಲೇಯರ್ ಇದ್ದದ್ದು ಮೂವತ್ಮೂರರಲ್ಲಿ. ಬಂದದ್ದು ಡಬ್ಬು. ಓಡಬೇಕಾದ ಡ್ರಮ್ಮು ಮಂಡಿನೋವು ಬಂದ ಹಾಗೆ ನಡೆಯಿತು, ಬೇಸು ನೆಲದ ಕೆಳಗಿನಿಂದ ಬಂತು. ಕುಣಿಯುತ್ತಿದ್ದವರು ನಿಂತರು. “ಏನೇ ಜೆರಿ, ಪ್ಲೇಯರ್‌ಗೆ ನಿದ್ದೆ ಬಂತಾ?” ಎಂದ ಒಬ್ಬ ಮುದುಕ. ಬಾಗಿಲಿನಿಂದ ಒಬ್ಬ ಹುಡುಗ, “ಡ್ರಮ್ಮು ಕೆಮ್ಮಿನೌಷಧಿ ಕುಡಿದುಬಿಡ್ತು ಕಣ್ರೋ!” ಎಂದು ಕೂಗಿದ. ನನ್ನ ಕಿವಿ ಸುಟ್ಟುಹೋಯಿತು. ಮುಳ್ಳು ಎತ್ತಲು ಕೈ ಚಾಚಿದೆ. ಆಗ ನಿನ್ನ ಉಸಿರು ಬಂತು. ನಿನ್ನದಲ್ಲದ ಹಾಗೆ, ಉದ್ದಕ್ಕೆ, ದಪ್ಪಕ್ಕೆ, ನಮ್ಮ ಮಿಸಿಸಿಪ್ಪಿ ಅಜ್ಜಿ ಒಲೆ ಮುಂದೆ ಗುನುಗಲು ಶುರುಮಾಡುವ ಮೊದಲು ತೆಗೆದುಕೊಳ್ಳುತ್ತಿದ್ದಳಲ್ಲ, ಹಾಗೆ. “ನಾ…ನಿ…ನ್ನೂ…” ಮತ್ತೆ ಬರೀ ಡ್ರಮ್ಮು.

ತಲೆ ಎತ್ತಿದರೆ ಪಕ್ಕದ ಕೋಣೆಯ ಬಾಗಿಲಲ್ಲಿ ಅಪ್ಪ. ಅಂಗಿಗೆ ಸಿಕ್ಕಿಸಿದ ಕರವಸ್ತ್ರ ಹಾಗೇ ಇದೆ. ಊರುಗೋಲನ್ನು ಮಾಮನ ಕೈಗೆ ಕೊಟ್ಟ. ಗೋಡೆ ಹಿಡಿದು ಎರಡು ಹೆಜ್ಜೆ ಬಂದು ಅಮ್ಮನ ಮುಂದೆ ಎಡಗೈ ಚಾಚಿದ. ಅಮ್ಮ ಕೈಚೀಲವನ್ನು ನೆಲಕ್ಕೇ ಬಿಟ್ಟಳು. ಸೋಲ್ ಹಾಡುಗಳು ಅವನ ಕಾಲಿಗೆ ಬೇಗವಾಗಿದ್ದವು ಅಕ್ಕಾ, ನನಗೆ ಅದು ಹೊಳೆದೇ ಇರಲಿಲ್ಲ. ಅವುಗಳಲ್ಲಿ ದನಿ ತುಂಬಿರುತ್ತದೆ, ಜಾಗ ಇರುವುದಿಲ್ಲ. ಇದರಲ್ಲಿ ಜಾಗವೇ ಜಾಗ. ಎಡಗಾಲು ಇಟ್ಟ, ಬಲಗಾಲು ಎಳೆದ, ಎಳೆದು ಮುಗಿಯುವವರೆಗೆ ಡ್ರಮ್ಮು ಕಾಯಿತು. ಅಮ್ಮನನ್ನು ತಿರುಗಿಸಿದ. ನಿನ್ನ “ನಾನಿನ್ನೂ…” ಬಂದಾಗ ಬಲಗಾಲನ್ನು ಎರಡು ಬೆರಳಿನಷ್ಟು ಎತ್ತಿ ಹಾಗೇ ಹಿಡಿದ. ಮುಂದಿನ ಮಾತಿಗೆ ಕಾದ. ಮಾತು ಬರಲಿಲ್ಲ. ಕಾಲು ಇಳಿಸಿದ. ಮತ್ತೆ ಬಂತು, ಮತ್ತೆ ಎತ್ತಿದ. ಹಾಲ್‌ನಲ್ಲಿ ಒಬ್ಬರೂ ಅಲುಗಲಿಲ್ಲ. ಆಮೇಲೆ ಒಂದೊಂದೇ ಜೋಡಿ ಹಿಂದೆ ಸೇರಿತು, ಅಪ್ಪನ ಹಾಗೇ ಕಾಲೆತ್ತಿ ಕಾಯುತ್ತ. ಕೂಗಿದ್ದ ಆ ಹುಡುಗನೂ ಸೇರಿದ.

ರೆಕಾರ್ಡ್ ಮುಗಿಯುತ್ತ ಬಂತು. ಎರಡನೆಯ ಪ್ರತಿಯನ್ನು ಸೋಡಾ ಮೆಷಿನ್ನಿನ ಬೆಳಕಿಗೆ ಹಿಡಿದು ಗೆರೆ ನೋಡಿದೆ. ದನಿ ಇಲ್ಲದ ಕಡೆ ಗೆರೆಗಳು ಬೇರೆ ಥರ ಹೊಳೆಯುತ್ತವೆ. ಮೊದಲೇ ಹಾಗೆ ನೋಡಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಅದನ್ನೂ ಪಕ್ಕದ ಇನ್ನೊಂದು ಪ್ಲೇಯರ್ ಮೇಲೆ ಮೂವತ್ಮೂರರಲ್ಲೇ ಇಟ್ಟು, ಮೊದಲನೆಯದು ಮುಗಿಯುವ ಮುಂಚೆ ಹೆಜ್ಜೆ ತಪ್ಪದ ಹಾಗೆ ಸೇರಿಸಿದೆ. ಆಮೇಲೆ ಮೊದಲನೆಯದನ್ನು ಹಿಂದಕ್ಕೆ ತಂದು ಮತ್ತೆ ಅದಕ್ಕೆ. ಹೀಗೆ ಅತ್ತಿಂದಿತ್ತ, ಇತ್ತಿಂದತ್ತ. ಅಪ್ಪ ಸಾಕು ಎನ್ನುವವರೆಗೆ ನಾನು ನಿಲ್ಲಿಸುವವಳಲ್ಲ. ಕೊನೆಗೆ ಅಮ್ಮನ ಭುಜಕ್ಕೆ ಒರಗಿ ನಿಂತ. ಹೋಸಿಯಾ ಮಾಮ ಬಂದು, “ಯಾವ್ದೇ ಅದು ಮಿಕ್ಸು? ನನ್ ಹತ್ರ ಇಲ್ವಲ್ಲ!” ಎಂದ. ಎಲ್ಲೂ ಇಲ್ಲ ಮಾಮ ಎಂದೆ.

ಕಾರಿನಲ್ಲಿ ಮನೆಗೆ ಹೊರಟೆವು. ಅಪ್ಪನಿಗೆ ದನಿ ಗುರುತು ಸಿಕ್ಕಿಲ್ಲ, ಬಚಾವಾದೆ ಎಂದುಕೊಂಡಿದ್ದೆ. ಮನೆ ಮುಂದೆ ಇಳಿಸುವಾಗ ನನ್ನ ತೋಳು ಹಿಡಿದುಕೊಂಡು, “ಹಾಕ್ಬೇಡ ಅಂದಿದ್ನಲ್ಲೇ” ಎಂದ. ಗುರುತು ಸಿಗದೆ ಏನು, ನೀನು ಐದು ವರ್ಷದವಳಿದ್ದಾಗ ಚರ್ಚಿನಲ್ಲಿ ಹಾಡಲು ನಿಂತಾಗಿನಿಂದ ಆ ಉಸಿರು ತನಗೆ ಗೊತ್ತು ಎಂದ. ಆಮೇಲೆ ಒಳಗೆ ಹೋಗಿ ಬೂಟು ತಾನೇ ಬಿಚ್ಚಿದ. ಚೀಲಕ್ಕೆ ಹಾಕಲಿಲ್ಲ. ಬಾಗಿಲ ಪಕ್ಕ ಇಟ್ಟ.

ನಿನ್ನ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಗಿದೆ ಎಂದುಕೊಳ್ಳಬೇಡ. ನೀನು ಮಾಡಿಹೋದ ಕೆಲಸ ಎಲ್ರಾಯ್ ಮಾಡಿದ್ದೇ. ದನಿ ಕಿತ್ತುಕೊಂಡು ಹೋಗಿದ್ದೀಯ, ಉಳಿದದ್ದರಲ್ಲಿ ನಾವು ಹೆಜ್ಜೆ ಹುಡುಕುತ್ತಿದ್ದೇವೆ. ಕೈ ನೋಯುತ್ತಿದೆ, ಸಾಕು. ಅಮ್ಮ ಆಶೀರ್ವಾದ ಹೇಳಿದ್ದಾಳೆ, ನಿಂಬೆ ಮರೆಯಬಾರದಂತೆ. ಹೋಸಿಯಾ ಮಾಮನೂ ಕೇಳಿದ ಎಂದು ತಿಳಿಸು ಅಂದ. ಅಪ್ಪ ಏನೂ ಹೇಳಿಲ್ಲ.

ಪ್ರೀತಿಯ (ಬಂತು ನೋಡು) ತಂಗಿ,
ಜೆರಿಲಿನ್

ಮರೆತಿದ್ದೆ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಈಗಷ್ಟೇ ಅಪ್ಪ ಅಡುಗೆಮನೆಯಲ್ಲಿ ಕುರ್ಚಿ ಹಿಡಿದುಕೊಂಡು ಬಲಗಾಲು ಎತ್ತಿ ನಿಂತಿದ್ದ. ನನ್ನನ್ನು ನೋಡಿ, “ಜೆರಿ, ‘ನಾನಿನ್ನೂ’ ಆದ್ಮೇಲೆ ಏನಂತಾಳೆ ಅವ್ಳು? ಮರ್ತೋಗಿದೆ” ಎಂದ. ಕಾಯಿಲೆಯಿಂದ ನಿಜವಾಗಿ ಮರೆತಿದ್ದಾನೋ, ಬಾಯಿ ಬಿಟ್ಟು ಬೇರೆ ಥರ ಕೇಳಲು ಆಗದೆ ಹಾಗೆ ಕೇಳಿದನೋ, ಗೊತ್ತಿಲ್ಲ. ಅಮ್ಮ ಬಾಯಿ ತೆರೆದಳು, ನಾನು ಬೇಡ ಎಂದು ಕಣ್ಣು ಮಾಡಿದೆ. ಹಾಡಿನ ಮಗ್ಗುಲು ನನ್ನ ಕೈಯಲ್ಲೇ ಇದೆ, ಆದರೆ ನಾನು ಹಾಕುವುದಿಲ್ಲ. ಉಳಿದ ಮಾತು ನೀನೇ ಬಂದು ಹೇಳು. ಕ್ರಿಸ್‌ಮಸ್‌ಗೆ ಬರುತ್ತೇನೆ ಎಂದು ಬರೆಯಬೇಡ ಅಕ್ಕಾ, ಡಾಕ್ಟರ್ ಹೇಳುವುದನ್ನು ಕೇಳಿದರೆ ಕ್ರಿಸ್‌ಮಸ್ ಬಹಳ ದೂರ. ಅಷ್ಟು ಹೊತ್ತು ಅವನು ಕಾಲು ಎತ್ತಿ ನಿಲ್ಲಲಾರ.