ಅಬೀರಳ ಕೇಸಿಗೆ ನಾನು ಬರೆದ ವರದಿ

ಫೆಬ್ರವರಿ 4, ಭಾನುವಾರ

ಮತ್ತೆ ಕೋರ್ಟು. ಮೆಟ್ಟಿಲ ತುಂಬ ಮೂತ್ರದ ವಾಸನೆ. ದಮನ್‌ಹೂರಿನ ಅರ್ಧ ಊರು ಕಾರಿಡಾರಿನಲ್ಲೇ ಇತ್ತು. ಕಾದ ಎರಡು ಗಂಟೆಯಲ್ಲಿ ಕಿವಿಗೆ ಬಿದ್ದ ತೀರ್ಪುಗಳು: ಒಂದು ಕಿಟಕಿಗಾಗಿ ಹದಿನೇಳು ವರ್ಷ ಹೊಡೆದಾಡಿದ ಅಣ್ಣತಮ್ಮಂದಿರಿಗೆ ಕಿಟಕಿ ಮುಚ್ಚಲು ಆದೇಶ — ಮನೆ ಹೋದ ವರ್ಷವೇ ಬಿದ್ದಿದೆ. ಒಬ್ಬ ಅಪ್ಪನಿಗೆ ಶುಕ್ರವಾರ ಮೂರು ಗಂಟೆ ಕಾಲ, ಯುವಕೇಂದ್ರದಲ್ಲಿ, ಎಲ್ಲರೆದುರು ಮಗಳನ್ನು ನೋಡಲು ಅನುಮತಿ. ಥೂ.

ಆಮೇಲೆ ನಮ್ಮದು. ತೀರಿಹೋದ ಅಕ್ಕನ ಮಗಳು ಅಬೀರ್ ಖುಲಾ ಕೇಳಿದ್ದಾಳೆ, ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ. ಮದುವೆಯಲ್ಲಿ ಗಂಡ ಕೊಟ್ಟ ಮಹರ್ ಹಣ ವಾಪಸ್ ಕೊಟ್ಟರೆ ಸಾಕಂತೆ, ಗಂಡನ ತಪ್ಪು ತೋರಿಸಬೇಕಾಗಿಲ್ಲ. ಎಂಥ ಕಾನೂನೋ. ರಾಜಿ ಮಾಡಿಸಲು ಎರಡೂ ಮನೆಯಿಂದ ಒಬ್ಬೊಬ್ಬ ಮಧ್ಯಸ್ಥ. ಅವಳ ಕಡೆಯಿಂದ ನಾನು. ನಿವೃತ್ತ ಶಾಲಾ ಇನ್‌ಸ್ಪೆಕ್ಟರ್ ಅಂದಿದ್ದಕ್ಕೆ ಜಡ್ಜ್ ತಲೆಯಾಡಿಸಿದರು. ಸ್ವಲ್ಪ ಖುಷಿಯಾಯಿತು, ಸುಳ್ಳೇಕೆ.

ಫೆಬ್ರವರಿ 11, ಭಾನುವಾರ

ಅಬೀರಳ ಗಂಡ ವಾಇಲ್‌ನ ಮನೆಗೆ ಹೋಗಿದ್ದೆ. ಅವನ ಕಡೆಯ ಮಧ್ಯಸ್ಥ ಅವನ ದೊಡ್ಡಪ್ಪ ಹಾಜಿ ಸಬ್ರಿ. ಗೋಧಿ ತುಂಬಿದ ಪಾರಿವಾಳ, ಮುಲೂಖಿಯಾ ಸೊಪ್ಪಿನ ಸಾರು. ಚೆನ್ನಾಗಿ ತಿಂದೆವು. ವಾಇಲ್ ಹಲ್ಲು ಚುಚ್ಚಿಕೊಳ್ಳುತ್ತ ಕೂತಿದ್ದ.

"ನಾನೇನು ಕಮ್ಮಿ ಮಾಡಿದೀನಿ ಕೇಳಿ ಅವಳನ್ನ. ಫ್ರಿಜ್ಜು ಹದಿನಾರು ಘನ ಅಡಿದು."

ಹಾಜಿ ನಗಾಡಿದ. "ಹೆಂಗಸರು ಹಂಗೇ ಉಸ್ತಾದ್. ನಾಕು ದಿನ ಮುನಿಸ್ಕೊಂಡು ಬರ್ತಾರೆ."

ನಾನೂ ನಕ್ಕೆ. ಕೆಟ್ಟವನೇನಲ್ಲ ಹುಡುಗ. ಕುಡಿಯಲ್ಲ, ಹೊಡೆಯಲ್ಲ. ನನಗೆ ಅಸಹ್ಯ ಹುಟ್ಟಿದ್ದು ಅಬೀರಳ ಮೇಲೆಯೇ.

ಫೆಬ್ರವರಿ 12

ಅಬೀರ್ ನಮ್ಮ ಮನೆಯಲ್ಲೇ ಇದ್ದಾಳೆ. ಕೂರಿಸಿಕೊಂಡು ಕೇಳಿದೆ. ಕಾರಣ ಹೇಳು.

"ಅವರು ರೂಮಿಗೆ ಬಂದ್ರೆ ನಾನು ಉಸಿರು ಬಿಗಿಹಿಡೀತೀನಿ, ಮಾಮ. ಅಷ್ಟೇ."

"ಇದೊಂದು ಕಾರಣಾನಾ?"

"ನೀವು ಹಿಡಿದು ನೋಡಿ, ಆರು ವರ್ಷ."

ನಾಲಿಗೆ ಉದ್ದ. ನನ್ನ ಹೆಂಡತಿ ಇನ್‌ಶಿರಾಹ್ ಅಲ್ಲೇ ಬಟ್ಟೆ ಮಡಚುತ್ತಿದ್ದಳು. ಬುದ್ಧಿ ಹೇಳು ಎಂದೆ. ಮಡಚುತ್ತಲೇ ಇದ್ದಳು.

ಫೆಬ್ರವರಿ 25, ಭಾನುವಾರ

ವರದಿ ಮುಗಿಯಿತು. ಹಾಜಿಯೂ ನಾನೂ ಸಹಿ ಹಾಕಿದೆವು. "ಭಿನ್ನಾಭಿಪ್ರಾಯ ಕ್ಷುಲ್ಲಕ. ರಾಜಿ ಸಾಧ್ಯ." ಅಕ್ಷರ ದುಂಡಗೆ ಬಂದಿದೆ. ಇದನ್ನು ಓದಿ ಜಡ್ಜ್ ಇನ್ನೂ ಮೂರು ತಿಂಗಳು ಮುಂದೂಡಿದರೆ ಅಬೀರ್ ಸೋತು ವಾಪಸ್ ಹೋಗುತ್ತಾಳೆ ಎಂದ ಹಾಜಿ. ಒಳ್ಳೆಯದೇ ಅಲ್ಲವೇ.

ಫೆಬ್ರವರಿ 27, ಸಂಜೆ ಆರು

ನಾಳೆ ಅಬೀರ್ ಜಡ್ಜ್ ಮುಂದೆ ಹೇಳಬೇಕಾದ ಮಾತನ್ನು ವಕೀಲ ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ. ಅಡುಗೆಮನೆಯಲ್ಲಿ ಅಭ್ಯಾಸ ನಡೆದಿತ್ತು. ಹುಡುಗಿ ಎರಡು ಪದಕ್ಕೊಮ್ಮೆ ತಡವರಿಸಿ ಅಳುತ್ತಿದ್ದಳು. ನಾನು ಚಹಾ ಕೇಳಲು ಹೋದವನು ಬಾಗಿಲಲ್ಲೇ ನಿಂತೆ.

ಇನ್‌ಶಿರಾಹ್ ಬೆನ್ನು ಹಾಕಿ ಬದನೆಕಾಯಿ ಕರಿಯುತ್ತಿದ್ದಳು. ಚೀಟಿ ಅಬೀರಳ ಕೈಯಲ್ಲೇ ಇತ್ತು.

"ನಿಧಾನಕ್ಕೆ ಹೇಳು. ಇವರ ಜೊತೆ ಬಾಳೋದು ನನಗೆ ಅಸಹ್ಯ. ಮುಂದೆ ಬಾಳೋಕೆ ದಾರಿ ಇಲ್ಲ. ಈ ಅಸಹ್ಯದಿಂದ ದೇವರು ಹಾಕಿದ ಎಲ್ಲೆ ಎಲ್ಲಿ ಮೀರಿಬಿಡ್ತೀನೋ ಅಂತ ಭಯ."

ಇನ್‌ಶಿರಾಹ್ ಒಂದು ಪದಕ್ಕೂ ತಡವರಿಸಲಿಲ್ಲ. ಚಹಾ ಕೇಳದೆ ವಾಪಸ್ ಬಂದೆ.

ಫೆಬ್ರವರಿ 28, ಬೆಳಗ್ಗೆ 10.40, ಕೋರ್ಟಿನ ಬೆಂಚು

ಮಿನಿಬಸ್ಸಿನಲ್ಲಿ ಇನ್‌ಶಿರಾಹ್‌ಳನ್ನು ಕೇಳಿದೆ. ನಿನಗೆ ಹೇಗೆ ಬರುತ್ತೆ ಅದು?

"ಆ ಕಾನೂನು ಬಂತಲ್ಲ, ಎರಡು ಸಾವಿರನೇ ಇಸವೀಲಿ. ಕೋರ್ಟಲ್ಲಿ ಹೇಳಬೇಕಾದ ಮಾತನ್ನ ಪೇಪರಲ್ಲಿ ಹಾಕಿದ್ರು. ಕತ್ತರಿಸಿ ಇಟ್ಕೊಂಡಿದ್ದೆ."

ಇಪ್ಪತ್ತನಾಲ್ಕು ವರ್ಷ... ಮತ್ತೆ ಯಾಕೆ ಹೋಗಲಿಲ್ಲ?

"ನನ್ನ ಕಡೆ ಮಧ್ಯಸ್ಥ ಆಗಿ ಯಾರು ಬರ್ತಿದ್ರು? ನಮ್ಮಣ್ಣ. ಅವನೂ ನಿಮ್ಮ ಥರಾನೇ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ನಿಲ್ದಾಣ ಹೇಳುವ ಹಾಗೆ ಹೇಳಿದಳು. ನನಗೆ ನನ್ನ ಮೇಲೇ ಹೇಸಿಗೆ ಬಂತು.

ವರದಿಯಿಂದ ನನ್ನ ಸಹಿ ವಾಪಸ್ ತೆಗೆದುಕೊಂಡೆ. ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ — ರಾಜಿ ಸಾಧ್ಯವಿಲ್ಲ, ಅವಳನ್ನು ಬಿಡಿ. ಹಾಜಿ ಸಬ್ರಿ "ಹೆಂಗಸರ ಮಾತು ಕೇಳ್ಬಿಟ್ರಿ" ಎಂದು ಆಚೆ ಬೆಂಚಿಗೆ ಹೋದ. ಹೋಗಲಿ. ಅಬೀರ್ ಒಳಗಿದ್ದಾಳೆ. ಗೋಡೆಯಾಚೆ ಅವಳ ದನಿ ಕೇಳುತ್ತಿದೆ, ತಡವರಿಸುತ್ತಿಲ್ಲ.

ಈಗಷ್ಟೇ ಇನ್‌ಶಿರಾಹ್ ಕೇಳಿದಳು, "ಹೊಸ ಅರ್ಜಿ ಯಾವ ಕಿಟಕೀಲಿ ತಗೋತಾರೆ?"

ಅಬೀರಳದು ಕೊಟ್ಟು ಆಯಿತಲ್ಲ ಎಂದೆ.

"ಗೊತ್ತು" ಎಂದಳು. ಎದ್ದು, ಜಾರಿದ ತಲೆವಸ್ತ್ರ ಸರಿಮಾಡಿಕೊಂಡು ಕಿಟಕಿಗಳ ಕಡೆ ನಡೆದಳು.